ಗೋಡೆ ಮೇಲಿನ ನೀರಿನ ಚಕ್ರದಲ್ಲಿ ನಮ್ಮ ಕೆರೆ ಎಲ್ಲಿ ಸಾರ್?

ಚಿಕ್ಕಬಳ್ಳಾಪುರ ಜಿಲ್ಲೆಯ ಅಧಿಕಾರಿಗಳಿಗೆ, ನಮ್ಮ ಭಾಗದ ಜನಪ್ರತಿನಿಧಿಗಳಿಗೆ, ಹಾಗೆಯೇ ಚಿಂತಾಮಣಿ ಸುತ್ತಮುತ್ತಲಿನ ನನ್ನ ಗಿರಾಕಿಗಳಿಗೆ,

ನಮಸ್ಕಾರ. ನಾನು ಬೋರ್‌ವೆಲ್ ಮೋಟಾರ್ ಎತ್ತಿ ಇಳಿಸುವ ಕೆಲಸದವನು. ಹುಟ್ಟಿದ್ದು ಕೋಲಾರ ಜಿಲ್ಲೆಯಲ್ಲಿ, 2007ರಿಂದ ಇರುವುದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ಊರು ಮಾತ್ರ ಇದ್ದ ಜಾಗದಿಂದ ಕದಲಿಲ್ಲ. ಬರೆದು ಅಭ್ಯಾಸ ಇರುವುದು ಬಿಲ್ಲು ಒಂದೇ. ಮಾತು ಹೆಚ್ಚುಕಮ್ಮಿ ಆದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹೋದ ತಿಂಗಳು ಒಂದು ಕಚೇರಿಗೆ ಹೋಗಿದ್ದೆ. ಯಾವ ಕಚೇರಿ ಅಂತ ಬೇಡ ಬಿಡಿ. ಒಂದು ಸಹಿಗೆ ಮೂರು ಗಂಟೆ ಕಾದೆ. ಕಾಂಪೌಂಡ್ ಗೋಡೆ ಮೇಲೆ ಹೊಸದಾಗಿ ನೀರಿನ ಚಕ್ರದ ಚಿತ್ರ ಬರೆಸಿದ್ದಾರೆ, ಬೇರೆ ಕೆಲಸ ಇಲ್ಲದೆ ಅದನ್ನೇ ನೋಡುತ್ತಾ ಕೂತೆ. ನಗುವ ಸೂರ್ಯ, ನೀಲಿ ಸಮುದ್ರ, ಸಮುದ್ರದಲ್ಲಿ ಒಂದು ದೋಣಿ, ಮೇಲಕ್ಕೆ ಹೋಗುವ ಬಾಣ, ಮೋಡ, ಕೆಳಕ್ಕೆ ಬರುವ ಬಾಣ, ಹಿಮದ ಬೆಟ್ಟ, ಅಲ್ಲಿಂದ ಹೊಳೆ, ಹೊಳೆ ಮತ್ತೆ ಸಮುದ್ರಕ್ಕೆ. ಬಣ್ಣ ಚೆನ್ನಾಗಿದೆ, ಪೇಂಟರ್ ಕೈ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿಮದ ಬೆಟ್ಟ ಯಾಕೆ ಸಾರ್? ನಮ್ಮ ಕಡೆ ಹಿಮ ಅಂದರೆ ಬೆಂಗಳೂರಿನವರು ಭಾನುವಾರ ಬೆಳಿಗ್ಗೆ ನಂದಿ ಬೆಟ್ಟಕ್ಕೆ ಬಂದು ಫೋಟೊ ತೆಗೆಯುವ ಮಂಜು, ಅಷ್ಟೇ. ವರ್ಷವಿಡೀ ಹರಿಯುವ ಹೊಳೆ ನಮ್ಮ ಜಿಲ್ಲೆಯಲ್ಲಿ ಒಂದೂ ಇಲ್ಲ. ನಮ್ಮಲ್ಲಿ ಇರುವುದು ಕೆರೆ, ಆ ಚಿತ್ರದಲ್ಲಿ ಇಲ್ಲದಿರುವುದೂ ಅದೊಂದೇ.

ಇದನ್ನು ಪೇಂಟರ್ ತಪ್ಪು ಅಂತ ನಾನು ಹೇಳುವುದಿಲ್ಲ. ಅವನಿಗೆ ಕೊಟ್ಟ ಪುಸ್ತಕದಲ್ಲಿ ಹಾಗೇ ಇತ್ತು. ನಾವೆಲ್ಲ ಶಾಲೆಯಲ್ಲಿ ಅದನ್ನೇ ಬಿಡಿಸಿ ಹತ್ತಕ್ಕೆ ಹತ್ತು ತೆಗೆದುಕೊಂಡವರು. ಆದರೆ ಆ ಚಿತ್ರ ನೋಡಿದವರಿಗೆ ನೀರು ತಾನಾಗೇ ತಿರುಗುತ್ತದೆ, ಎಲ್ಲಿಂದಲೋ ಬರುತ್ತದೆ, ನಾವು ಸುಮ್ನೆ ಕೂತರೂ ಬಂದೇ ಬರುತ್ತದೆ ಅನಿಸುತ್ತದೆ. ಅದು ಹಾಗಿಲ್ಲ ಅಂತ ಹೇಳುವುದಕ್ಕೇ ಈ ಪತ್ರ.

ಮೊದಲು ಲೋಕದ ಲೆಕ್ಕ ಹೇಳಿಬಿಡುತ್ತೇನೆ. ಮಗಳ ಪುಸ್ತಕದಲ್ಲಿ ಶೇಕಡಾ ಲೆಕ್ಕದಲ್ಲಿತ್ತು, ನನಗೆ ತಲೆಗೆ ಹತ್ತಲಿಲ್ಲ, ಕೊಡದ ಲೆಕ್ಕಕ್ಕೆ ಇಳಿಸಿಕೊಂಡೆ. ಭೂಮಿ ಮೇಲಿನ ನೀರನ್ನೆಲ್ಲ 15 ಲೀಟರಿನ 1,000 ಕೊಡಕ್ಕೆ ತುಂಬಿ ಸಾಲಾಗಿ ಇಟ್ಟಿದ್ದೇವೆ ಅಂದುಕೊಳ್ಳಿ. ಅದರಲ್ಲಿ 975 ಕೊಡ ಉಪ್ಪು ನೀರು. ಉಳಿದ 25 ಕೊಡದಲ್ಲಿ 17 ಕೊಡ ಹಿಮ, ಹಿಮನದಿ ಅಂತ ಗಟ್ಟಿಯಾಗಿ ಕೂತಿದೆ, ಅದರಲ್ಲೂ ಹೆಚ್ಚು ಭಾಗ ದಕ್ಷಿಣ ಧ್ರುವದಲ್ಲಿ. ಏಳೂವರೆ ಕೊಡ ನೆಲದೊಳಗಿದೆ. ಇನ್ನು ಲೋಕದ ಅಷ್ಟೂ ನದಿ, ಅಷ್ಟೂ ಸಿಹಿನೀರಿನ ಸರೋವರ, ಕೆರೆ, ಜವುಗು ಎಲ್ಲ ಸೇರಿ ಎಷ್ಟು ಗೊತ್ತಾ? ಒಂದು ಚೊಂಬು. ಹೆಚ್ಚುಕಮ್ಮಿ ಒಂದು ಲೀಟರ್. ಗಂಗೆ, ಕಾವೇರಿ, ಅಮೆಜಾನ್ ಎಲ್ಲ ಆ ಚೊಂಬಿನೊಳಗೇ.

ಮತ್ತೆ ಗಾಳಿಯಲ್ಲಿ ಆವಿಯಾಗಿ ಇರುವುದು? ಒಂದು ಸಣ್ಣ ಲೋಟ. ಕಾಫಿ ಕುಡಿಯುವ ಲೋಟ. ಗಾಳಿಯಲ್ಲಿ ನಿಜವಾಗಿ ಇರುವ ಆವಿಯನ್ನೆಲ್ಲ ಒಂದೇ ಸಲ ಭೂಮಿ ಮೇಲೆಲ್ಲ ಸಮವಾಗಿ ಸುರಿದರೆ ಒಂದು ಇಂಚು ನಿಲ್ಲುತ್ತದೆ. (ನಮ್ಮ ಕಡೆ ಬೋರ್ ಕೊರೆಸಿದವರು 'ಒಂದಿಂಚು ಬಿತ್ತು' ಅಂತ ಸಪ್ಪೆ ಮುಖ ಮಾಡುತ್ತಾರಲ್ಲ, ಅದು ಬೋರಿನಿಂದ ಬರುವ ನೀರಿನ ಅಳತೆ, ಇದು ಬೇರೆ ಇಂಚು.) ಆದರೆ ಆ ಲೋಟ ಖಾಲಿಯಾಗಿ ತುಂಬಿ, ಖಾಲಿಯಾಗಿ ತುಂಬಿ, ವರ್ಷಕ್ಕೆ ಸುಮಾರು 40 ಸಲ ತಿರುಗುತ್ತದೆ. ಮೇಲೆ ಹೋದ ಒಂದು ಹನಿ ಸರಾಸರಿ ಎಂಟು ಹತ್ತು ದಿನಕ್ಕೆ ಕೆಳಗೆ ಬಿದ್ದಿರುತ್ತದೆ. ನಮಗೆ ಬೀಳುವ ಭರಣಿಯಿಂದ ಸ್ವಾತಿವರೆಗಿನ ಎಲ್ಲ ಮಳೆಯೂ ಆ ಲೋಟದ್ದೇ. ಆಕಾಶದ ಕೆಲಸದಲ್ಲಿ ಸೋಮಾರಿತನ ಇಲ್ಲ ಅಂತ ಹೇಳುವುದಕ್ಕೆ ಇಷ್ಟು ಹೇಳಿದೆ.

ಹಾಗಂತ ನಮಗೆ ಬೀಳುವುದು ಜಾಸ್ತಿ ಏನಲ್ಲ. ಅರಬ್ಬೀ ಸಮುದ್ರದಿಂದ ಹೊರಟ ಮುಂಗಾರು ಪಶ್ಚಿಮ ಘಟ್ಟ ಹತ್ತುವಾಗಲೇ ಹೆಚ್ಚಿನದನ್ನು ಅಲ್ಲಿ ಇಳಿಸಿಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ, ನಮ್ಮಲ್ಲಿ 700 ಆಸುಪಾಸು. ನಮ್ಮ ಕೆರೆಗಳಿಗೆ ನಿಜವಾದ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನದ್ದು, ಅಪರೂಪಕ್ಕೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ನವೆಂಬರ್‌ನಲ್ಲಿ ಬರುವುದು. ಆದರೂ 700 ಮಿಲಿಮೀಟರ್ ಅಂದರೆ ಒಂದು ಎಕರೆ ಮೇಲೆ 28 ಲಕ್ಷ ಲೀಟರ್. 5,000 ಲೀಟರಿನ ಟ್ಯಾಂಕರ್ 560ಕ್ಕೂ ಹೆಚ್ಚು. ಹೋದ ಬೇಸಿಗೆಯಲ್ಲಿ ಒಂದು ಟ್ಯಾಂಕರ್‌ಗೆ 600 ರೂಪಾಯಿ ಎಣಿಸಿ ಕೊಟ್ಟವನು ನಾನು, ಲೆಕ್ಕ ನೀವೇ ಹಾಕಿಕೊಳ್ಳಿ.

ಈಗ ನನ್ನ ಕಸುಬಿಗೆ ಬರುತ್ತೇನೆ, ಯಾಕೆಂದರೆ ನನಗೆ ಖಂಡಿತ ಗೊತ್ತಿರುವುದು ಅದೊಂದೇ.

ಮೋಟಾರ್ ಇಳಿಸುವ ಕಬ್ಬಿಣದ ಪೈಪು ಒಂದೊಂದು ಲೆಂತು 20 ಅಡಿ. ಎತ್ತುವಾಗ ಒಂದೊಂದೇ ಬಿಚ್ಚಿ ಪಕ್ಕಕ್ಕೆ ಮಲಗಿಸುತ್ತೇವೆ. ಮೇಲಿನ ಪೈಪುಗಳು ಬರೀ ತುಕ್ಕು, ಕೈಗೆ ಕೆಂಪು ಹತ್ತುತ್ತದೆ. ಕೆಳಗೆ ಬರುತ್ತಾ ಬರುತ್ತಾ ಒಂದು ಕಡೆ ಬಣ್ಣ ಬದಲಾಗುತ್ತದೆ, ತುಕ್ಕಿನ ಮೇಲೆ ಸುಣ್ಣದಂಥ ಬಿಳಿ ಪೊರೆ ಶುರುವಾಗುತ್ತದೆ, ಉಗುರಿನಲ್ಲಿ ಕೆರೆದರೆ ಹುಡಿಹುಡಿಯಾಗಿ ಉದುರುತ್ತದೆ. ನೀರು ನಿಂತಿದ್ದ ಮಟ್ಟ ಅದು. ಒಂದೇ ಪೈಪಿನ ಮೇಲೆ ಅಂಥ ಎರಡು ಮೂರು ಗೆರೆ ಇದ್ದರೆ ವರ್ಷ ವರ್ಷವೂ ಎಷ್ಟು ಇಳಿಯಿತು ಅಂತ ಅಲ್ಲೇ ಬರೆದ ಹಾಗೆ. ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ, ಯಾರ ತೋಟ, ಯಾವ ತಿಂಗಳು, ಎಷ್ಟು ಲೆಂತು, ಗೆರೆ ಎಷ್ಟನೇ ಲೆಂತಿಗೆ. ಬಾಕಿ ವಸೂಲಿಗೆ ಅಂತ ಶುರು ಮಾಡಿದ್ದು, ಈಗ ಜಾತಕ ಆಗಿದೆ.

ಅದರಲ್ಲಿ ಒಂದೇ ಒಂದು ತೋಟದ ಕಥೆ ಹೇಳುತ್ತೇನೆ. ಕೆರೆ ಕೆಳಗಿನ ಅಚ್ಚುಕಟ್ಟಿನಲ್ಲಿ ನಮ್ಮ ದೊಡ್ಡಪ್ಪನದು. ಅವರ ಅಪ್ಪನ ಕಾಲಕ್ಕೆ 40 ಅಡಿ ಬಾವಿ, ಎತ್ತು ಕಟ್ಟಿ ಕಪಿಲೆ ಹೊಡೆದು ಹಗ್ಗದಲ್ಲಿ ನೀರು ಎತ್ತುತ್ತಿದ್ದರು. 1997ರಲ್ಲಿ ನಾನು ಕೆಲಸ ಕಲಿಯುವಾಗ ಅದೇ ತೋಟದ ಬೋರಿಗೆ 11 ಲೆಂತು ಇಳಿಸಿದೆವು, ಅಂದರೆ 220 ಅಡಿ. ಅದು ಒಣಗಿತು, ಎರಡನೆಯದು ಒಣಗಿತು. 2017ರಲ್ಲಿ ಮೂರನೇ ಬೋರಿಗೆ 62 ಲೆಂತು, 1,240 ಅಡಿ. ಅವತ್ತು ಸಂಜೆ ದೊಡ್ಡಪ್ಪ ಮಲಗಿಸಿಟ್ಟ ಪೈಪುಗಳ ಪಕ್ಕ ನಡೆದುಕೊಂಡು ಹೋಗಿ ಒಂದೊಂದನ್ನೂ ಕೋಲಿನಲ್ಲಿ ತಟ್ಟಿ ಎಣಿಸಿದರು. ಎಣಿಸಿ ಮುಗಿಸಿ, 'ಇಷ್ಟುದ್ದ ಹಗ್ಗ ನಮ್ಮಪ್ಪ ಕಣ್ಣಲ್ಲೂ ನೋಡಿರಲಿಲ್ಲ ಕಣೋ' ಅಂದರು. ಆ ಬೋರಿಗೆ ಎಲ್ಲ ಸೇರಿ ಎಷ್ಟು ಸಾಲ ಆಯಿತು ಅಂತ ನಾನು ಬರೆಯುವುದಿಲ್ಲ, ಅವರ ಮರ್ಯಾದೆ ಪ್ರಶ್ನೆ.

ಇಷ್ಟು ಆಳಕ್ಕೆ ಹೋಗುವವರಿಗೆಲ್ಲ ಒಂದು ನಂಬಿಕೆ ಇರುತ್ತದೆ, ಕೆಳಗೆ ಎಲ್ಲೋ ಒಂದು ದೊಡ್ಡ ಹೊಳೆ ಹರಿಯುತ್ತಿದೆ, ಇನ್ನೊಂದು 100 ಅಡಿ ಹೋದರೆ ಸಿಗುತ್ತದೆ ಅಂತ. ತೆಂಗಿನಕಾಯಿ ಅಂಗೈ ಮೇಲೆ ಇಟ್ಟುಕೊಂಡು ಪಾಯಿಂಟ್ ತೋರಿಸುವವರೂ ಅದನ್ನೇ ಹೇಳುತ್ತಾರೆ. ಹಾಗೆಲ್ಲ ಏನೂ ಇಲ್ಲ. ನಮ್ಮ ಕೆಳಗಿರುವುದು ಗ್ರಾನೈಟು, ನೈಸ್ ಅಂತ ಕರೆಯುವ ಕಲ್ಲಿನ ಥರದ ಗಟ್ಟಿ ಬಂಡೆ. ಮೇಲಿನ ಸ್ವಲ್ಪ ಆಳ ಮಾತ್ರ ಮಣ್ಣು, ಕೊಳೆತ ಕಲ್ಲು. ಮಳೆ ನೀರು ಹಿಡಿದಿಟ್ಟುಕೊಳ್ಳುವ ಸ್ಪಂಜು ಅದು. ಮಣ್ಣು ಕುಸಿಯದ ಹಾಗೆ ಬೋರಿಗೆ ಹಾಕುವ ಕೇಸಿಂಗ್ ಪೈಪು ಎಷ್ಟು ಅಡಿ ಇಳಿಯುತ್ತದೆಯೋ ಸ್ಪಂಜು ಅಷ್ಟೇ ದಪ್ಪ. ಅಲ್ಲಿಂದ ಕೆಳಗೆ ಬಂಡೆ, ಬಂಡೆಯಲ್ಲಿ ಅಲ್ಲೊಂದು ಇಲ್ಲೊಂದು ಬಿರುಕು. ಆ ಬಿರುಕಿಗೆ ನೀರು ಹೋಗಿ ಸೇರುವುದು ಮೇಲಿನ ಸ್ಪಂಜಿನಿಂದಲೇ, ಅದೂ ಬಹಳ ನಿಧಾನ. ಬಿದ್ದ ಮಳೆಯಲ್ಲಿ ನೂರಕ್ಕೆ ಹತ್ತು ಭಾಗ ಒಳಗೆ ಇಳಿದರೆ ಹೆಚ್ಚು. ಕೆಜಿಎಫ್‌ನಲ್ಲಿ 3 ಕಿಲೋಮೀಟರ್‌ಗೂ ಆಳ ಇಳಿದರು, 2001ರಲ್ಲಿ ಬಾಗಿಲು ಹಾಕುವವರೆಗೂ ಚಿನ್ನ ತೆಗೆದರು, ಯಾರಿಗೂ ಕೆಳಗೆ ಹೊಳೆ ಸಿಗಲಿಲ್ಲ.

ಇನ್ನೊಂದು ವಿಷಯ. ಆಳದ ಬಿರುಕಿನಲ್ಲಿ ವರ್ಷಗಟ್ಟಲೆ ಕೂತ ನೀರು ಬಂಡೆಯಲ್ಲಿರುವ ಫ್ಲೋರೈಡನ್ನು ನಿಧಾನಕ್ಕೆ ಕರಗಿಸಿಕೊಳ್ಳುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುವುದು ನಿಯಮ. ಹಲ್ಲಿನ ಮೇಲೆ ಕಂದು ಪಟ್ಟೆ, ನಲವತ್ತಕ್ಕೇ ಮಂಡಿ ಹಿಡಿಯುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಅದಕ್ಕೇ ಊರೂರಿಗೆ ಶುದ್ಧ ನೀರಿನ ಘಟಕ ಬಂತು, ಒಳ್ಳೆಯದೇ ಆಯಿತು, ನಾವೂ ಅದನ್ನೇ ಕುಡಿಯುತ್ತೇವೆ. ಆದರೆ ಘಟಕದ ಹಿಂಬದಿಗೆ ಒಂದು ಸಲ ಹೋಗಿ ನೋಡಿ ಸಾರ್. ಕ್ಯಾನ್ ತುಂಬುವ ನಲ್ಲಿಗಿಂತ ದಪ್ಪವಾಗಿ ಇನ್ನೊಂದು ಪೈಪಿನಲ್ಲಿ ಬೇಡದ ನೀರು ಹೊರಗೆ ಹೋಗುತ್ತಿರುತ್ತದೆ. ತೆಗೆದ ಫ್ಲೋರೈಡೆಲ್ಲ ಅದರಲ್ಲೇ ಇರುತ್ತದೆ. ನಮ್ಮ ಊರಿನಲ್ಲಿ ಆ ಪೈಪು ಬಿಟ್ಟಿರುವುದು ಎಲ್ಲಿಗೆ ಅಂತೀರಿ? ಕೆರೆಗೆ ಹೋಗುವ ರಾಜಕಾಲುವೆಗೆ.

ಅಂತೂ ರಾಜಕಾಲುವೆಗೆ ಬಂದೆವು. ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದು ಇಲ್ಲಿಗೇ.

ನಮ್ಮ ಊರಿನ ಕೆರೆಗೆ ಬೆಟ್ಟದ ನೀರು ಬರಬೇಕು. 200 ಎಕರೆ ಇರಬಹುದು ಆ ಕಡೆಯ ಇಳಿಜಾರು, ಬರೀ ಬಂಡೆ, ಬಿದ್ದ ನೀರು ಅಲ್ಲಿ ನಿಲ್ಲುವುದಿಲ್ಲ. ಬೆಟ್ಟದ ಬುಡದಿಂದ ಕೆರೆಯ ಬಾಯಿಗೆ ಒಂದೂವರೆ ಕಿಲೋಮೀಟರ್ ಕಾಲುವೆ. ಹಳೇ ಗ್ರಾಮ ನಕಾಶೆಯಲ್ಲಿ ಜೋಡಿ ಗೆರೆಯಾಗಿ ಈಗಲೂ ಇದೆ, ನಾನೇ ನಕಲು ತೆಗೆಸಿದ್ದೇನೆ. ನೆಲದ ಮೇಲೆ ಹುಡುಕಿದರೆ ಮೊದಲ ಅರ್ಧ ಕಿಲೋಮೀಟರ್ ಸಿಗುತ್ತದೆ. ಆಮೇಲೆ ನೀಲಗಿರಿ ತೋಪು. (2017ರಲ್ಲಿ ಹೊಸದಾಗಿ ನೆಡಬಾರದು ಅಂತ ಸರ್ಕಾರವೇ ಹೇಳಿತು, ಹಳೆಯವು ಕಡಿದಷ್ಟೂ ಚಿಗುರುತ್ತಾ ನಿಂತಿವೆ.) ಆಮೇಲೆ ರಸ್ತೆ, ರಸ್ತೆ ಅಡಿಯಲ್ಲಿ ಎರಡು ಅಡಿಯ ಒಂದು ಸಿಮೆಂಟ್ ಪೈಪು, ಅದರ ಬಾಯಲ್ಲಿ ಪ್ಲಾಸ್ಟಿಕ್ಕು, ಒಂದು ಹಳೇ ಹಾಸಿಗೆ. ಆಮೇಲೆ ಸೈಟು ಮಾಡಿದ ಬಡಾವಣೆ, ಅಲ್ಲಿ ಕಾಲುವೆಯೇ 30 ಅಡಿ ರಸ್ತೆ ಆಗಿದೆ. ಆಮೇಲೆ ಯಾರದೋ ಟೊಮೆಟೊ. ಕೊನೆಗೆ ಕೆರೆ, ಒಳಗೆಲ್ಲ ಜಾಲಿ.

ಹೋದ ಅಕ್ಟೋಬರಿನಲ್ಲಿ ಒಂದು ಸಂಜೆ ಎರಡು ಗಂಟೆ ಜಡಿಮಳೆ ಹೊಡೆಯಿತು. ಅಂಗಳದಲ್ಲಿ ಬಿಟ್ಟಿದ್ದ ನೇರ ಬಕೆಟ್ಟಿನಲ್ಲಿ ಅಳತೆ ಹಿಡಿದೆ, ಎರಡು ಇಂಚು. ನಾನು ಟಾರ್ಚು ಹಿಡಿದುಕೊಂಡು ಹೋದೆ, ನೀರಿನ ಹಿಂದೆಯೇ. ಬೆಟ್ಟದಿಂದ ಅದು ಇಳಿದ ಸದ್ದು ಕೇಳಬೇಕಿತ್ತು ನೀವು, ಲಾರಿ ಗೇರು ಬದಲಾಯಿಸಿದ ಹಾಗೆ. ಮಣ್ಣಿನ ಬಣ್ಣದ ನೀರು, ಮೇಲೆ ನೀಲಗಿರಿ ಎಲೆ ತೇಲುತ್ತಾ, ತೋಪಿನವರೆಗೂ ಕಾಲುವೆ ಹಿಡಿದು ಸರಿಯಾಗಿ ಬಂತು. ರಸ್ತೆ ಹತ್ತಿರ ಪೈಪಿನ ಬಾಯಿಗೆ ಬಂದು ಒಂದು ಸುತ್ತು ತಿರುಗಿತು, ಆ ಹಾಸಿಗೆ ಮೇಲಕ್ಕೆದ್ದು ಮತ್ತೆ ಅಡ್ಡ ಕೂತಿತು. ಅಷ್ಟೇ. ನೀರು ರಸ್ತೆ ಹತ್ತಿತು. ರಸ್ತೆ ಇಳಿಜಾರು ಹಿಡಿದು ಬಡಾವಣೆಗೆ ನುಗ್ಗಿತು, ಏಳೆಂಟು ಮನೆಯೊಳಗೆ ಮಂಡಿವರೆಗೆ ನಿಂತಿತು, ಒಬ್ಬರ ಮನೆಯ ರಾಗಿ ಮೂಟೆ ನೆನೆದು ಹಾಳಾಯಿತು, ಮಿಕ್ಕದ್ದು ಮೋರಿ ಸೇರಿ ಕೆರೆಯ ಏರಿಯನ್ನು ಪಕ್ಕದಲ್ಲೇ ಬಿಟ್ಟು ಕೆಳಗಿನ ಹಳ್ಳಕ್ಕೆ ಹೋಯಿತು. ಬೆಳಿಗ್ಗೆ ಕೆರೆಗೆ ಹೋಗಿ ನೋಡಿದರೆ ಜಾಲಿ ಬುಡದಲ್ಲಿ ಪಾದ ಮುಳುಗುವಷ್ಟು ನೀರು, ಅದೂ ಅಲ್ಲೇ ಬಿದ್ದ ಮಳೆಯದು. ಎಮ್ಮೆಯೊಂದು ಮೂಸಿ ನೋಡಿ ವಾಪಸ್ ಹೋಯಿತು.

200 ಎಕರೆ ಬಂಡೆ ಮೇಲೆ ಎರಡು ಇಂಚು ಅಂದರೆ 4 ಕೋಟಿ ಲೀಟರ್. ಅರ್ಧವೇ ಹರಿದು ಬಂತು ಅಂದರೂ 2 ಕೋಟಿ, 4,000 ಟ್ಯಾಂಕರ್. ಒಂದು ಸಂಜೆಗೆ. ಸಮುದ್ರ ತನ್ನ ಕೆಲಸ ಮಾಡಿತು, ಮೋಡ ಅಷ್ಟು ದೂರದಿಂದ ಹೊತ್ತು ತಂದಿತು, ಬೆಟ್ಟ ಇಳಿಸಿ ಕೊಟ್ಟಿತು. ಕೊನೆಯ ಒಂದು ಕಿಲೋಮೀಟರಿನಲ್ಲಿ ಒಂದು ಹಾಸಿಗೆ ಅಡ್ಡ ಬಂತು. ಮಾರನೇ ದಿನ ಬಡಾವಣೆಯವರು 'ಎಂಥಾ ಹಾಳು ಮಳೆ' ಅಂತ ಬೈದರು. ಮಾರ್ಚಿಗೆ ಅವರೇ ಟ್ಯಾಂಕರ್‌ಗೆ ಫೋನ್ ಮಾಡಿದರು.

ಇಲ್ಲಿ ಒಂದು ಮಾತು ನಾನೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಬೇರೆಯವರು ಹೇಳುವ ಬದಲು. ರಸ್ತೆ ಪಕ್ಕದ ನನ್ನ ರಿಪೇರಿ ಶೆಡ್ಡಿನ ಹಿಂದಿನ ಗೋಡೆ ಇದೆಯಲ್ಲ, ನಕಾಶೆ ಪ್ರಕಾರ ಅದು ಕಾಲುವೆ ಮೇಲಿದೆ. ಕಟ್ಟುವಾಗ ಅಲ್ಲಿ ಹತ್ತು ವರ್ಷದಿಂದ ನೀರು ಹರಿದಿರಲಿಲ್ಲ, ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಅಳತೆಗೆ ಬಂದಾಗ ಮೊದಲ ಗುರುತು ಅಲ್ಲೇ ಹಾಕಿ. ಗೋಡೆ ಒಡೆಯುವ ಖರ್ಚು ನನ್ನದು. ಇನ್ನು ನೀರು ಆಳಕ್ಕೆ ಹೋದಷ್ಟೂ ನನಗೆ ಕೆಲಸ ಜಾಸ್ತಿ ಅನ್ನುವುದೂ ನಿಜ. 2021ರ ನವೆಂಬರ್ ನೆನಪಿದೆ ಅಲ್ವಾ, ಕೋಲಾರ, ಚಿಕ್ಕಬಳ್ಳಾಪುರ ಎರಡೂ ಕಡೆ ಎಷ್ಟೋ ವರ್ಷದ ಮೇಲೆ ಕೆರೆಗಳು ಕೋಡಿ ಬಿದ್ದವಲ್ಲ, ಜನ ಅರಿಶಿನ ಕುಂಕುಮ ತಟ್ಟೆ ಹಿಡಿದುಕೊಂಡು ಏರಿ ಮೇಲೆ ಸಾಲಾಗಿ ಹೋದರಲ್ಲ, ಅದಾದ ಮೇಲೆ ಒಂದು ವರ್ಷ ನನ್ನ ವ್ಯಾಪಾರ ಅರ್ಧಕ್ಕೆ ಬಿತ್ತು. ದೊಡ್ಡಪ್ಪನ ಬೋರಿನಲ್ಲಿ ಬಿಳಿ ಗೆರೆ 18 ಲೆಂತು ಮೇಲೆ ಬಂದಿತ್ತು, ನೋಟ್‌ಬುಕ್‌ನಲ್ಲಿದೆ. ಆ ವರ್ಷ ಕಂತು ಕಟ್ಟುವುದಕ್ಕೆ ಒದ್ದಾಡಿದೆ. ಆದರೂ ಆ ಪುಟ ನನಗೆ ಇಷ್ಟ.

ನೀವು ಹೇಳಬಹುದು, ಅಷ್ಟೆಲ್ಲ ಯೋಜನೆ ಮಾಡಿದ್ದೇವಲ್ಲ ಅಂತ. ಮಾಡಿದ್ದೀರಿ, ಇಲ್ಲ ಅನ್ನುವುದಿಲ್ಲ. ಬೆಂಗಳೂರಿನ ಚರಂಡಿ ನೀರು ಶುದ್ಧ ಮಾಡಿ ನಮ್ಮ ಕಡೆ ಕಳಿಸುವ ಎರಡು ಯೋಜನೆ ಇವೆ. 2018ರಿಂದ ಕೆ.ಸಿ. ವ್ಯಾಲಿ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ, ಆಮೇಲೆ ಎಚ್.ಎನ್. ವ್ಯಾಲಿ ನೀರು ಚಿಕ್ಕಬಳ್ಳಾಪುರದ ಕಡೆಗೆ. ಆ ಕೆರೆಗಳ ಸುತ್ತ ಬೋರುಗಳಲ್ಲಿ ನೀರು ಮೇಲೆ ಬಂದದ್ದನ್ನು ನಾನೇ ಕಂಡಿದ್ದೇನೆ, ಪೈಪು ಸುಳ್ಳು ಹೇಳುವುದಿಲ್ಲ. ಆದರೆ ಅದು ಎರಡು ಹಂತ ಮಾತ್ರ ಶುದ್ಧ ಮಾಡಿದ ನೀರು, ಮೂರನೇ ಹಂತ ಬೇಕು ಅಂತ ಜನ ಮೊದಲಿನಿಂದಲೂ ಕೇಳುತ್ತಿದ್ದಾರೆ, ನಾನೂ ಅದೇ ಕೇಳುತ್ತೇನೆ. ಸ್ಪಂಜಿಗೆ ಒಂದು ಸಲ ಕೊಳೆ ಇಳಿದರೆ ಹಿಂಡಿ ತೊಳೆಯುವುದಕ್ಕೆ ಆಗುವುದಿಲ್ಲ.

ಆ ನೀರಿನ ದಾರಿ ಯೋಚನೆ ಮಾಡಿದರೆ ನನಗೆ ನಗುವೂ ಬರುತ್ತದೆ. ಕೊಡಗಿನಲ್ಲಿ ಬಿದ್ದ ಮಳೆ ಕಾವೇರಿಯಾಗಿ ಕೆಆರ್‌ಎಸ್ ದಾಟಿ ತೊರೆಕಾಡನಹಳ್ಳಿಗೆ ಬರುತ್ತದೆ, ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ಪೈಪಿನಲ್ಲಿ, ಕರೆಂಟ್ ಸುಟ್ಟುಕೊಂಡು, ಬೆಂಗಳೂರಿಗೆ ಹತ್ತುತ್ತದೆ. ಅಲ್ಲಿ ಯಾರದೋ ಬಚ್ಚಲು, ಯಾರದೋ ಅಡುಗೆಮನೆ. ಚರಂಡಿ, ಶುದ್ಧೀಕರಣ ಘಟಕ, ಮತ್ತೆ ಪಂಪು, ಮತ್ತೆ ಪೈಪು, ನರಸಾಪುರದ ಹತ್ತಿರ ಲಕ್ಷ್ಮೀಸಾಗರ ಕೆರೆ. ಅಲ್ಲಿಂದ ಕೋಡಿ ಕೋಡಿ ಹಿಡಿದು ಮುಂದಿನ ಕೆರೆಗಳಿಗೆ. ನೆಲಕ್ಕೆ ಇಳಿದು, ನನ್ನಂಥವನು ಇಳಿಸಿದ ಮೋಟಾರಿನಲ್ಲಿ ಮೇಲೆ ಬಂದು, ಟೊಮೆಟೊ ಗಿಡಕ್ಕೆ ಹೋಗಿ, 15 ಕೆಜಿ ಬಾಕ್ಸಿನಲ್ಲಿ ಕೂತು ಲಾರಿ ಹತ್ತಿ ಊರು ಬಿಡುತ್ತದೆ. ಚಕ್ರದ ಚಿತ್ರ ಬರೆಸುವುದಾದರೆ ಇದನ್ನು ಬರೆಸಿ, ಮಕ್ಕಳು ನಿಂತು ನೋಡುತ್ತಾರೆ.

ಟೊಮೆಟೊ ಮಾತು ಬಂದದ್ದಕ್ಕೆ ಹೇಳುತ್ತೇನೆ. ಒಂದು ಕೆಜಿ ಟೊಮೆಟೊ ಬೆಳೆಯುವುದಕ್ಕೆ ಮಳೆ, ನೀರಾವರಿ ಎಲ್ಲ ಸೇರಿ ಲೋಕದ ಸರಾಸರಿ ಸುಮಾರು 200 ಲೀಟರ್ ನೀರು. ಅಂದರೆ ಒಂದು ಬಾಕ್ಸಿಗೆ 3,000 ಲೀಟರ್. ಹಣ್ಣಿನೊಳಗೆ ಉಳಿಯುವುದು 14 ಲೀಟರ್, ಮಿಕ್ಕಿದ್ದರಲ್ಲಿ ಹೆಚ್ಚಿನದು ಎಲೆಯಿಂದ, ಮಣ್ಣಿನಿಂದ ಆವಿಯಾಗಿ ಆ ಲೋಟ ಸೇರಿ ಎಲ್ಲೋ ಮಳೆಯಾಗುತ್ತದೆ. ಡ್ರಿಪ್ ಹಾಕಿದರೆ, ಮಲ್ಚಿಂಗ್ ಶೀಟ್ ಹಾಸಿದರೆ ಕಡಿಮೆ ಆಗುತ್ತದೆ, ನಮ್ಮವರು ಈಗ ಅದನ್ನು ಮಾಡುತ್ತಲೂ ಇದ್ದಾರೆ. ರೈತರನ್ನು ಬೈಯುವುದಕ್ಕೆ ಈ ಮಾತು ಹೇಳುತ್ತಿಲ್ಲ, ಟೊಮೆಟೊ ಇಲ್ಲದಿದ್ದರೆ ನಮಗೆ ಕೈಯಲ್ಲಿ ಕಾಸೇ ಆಡುವುದಿಲ್ಲ. ರೇಟು ಬಿದ್ದಾಗ ರಸ್ತೆ ಬದಿಗೆ ಸುರಿದ ಒಂದೊಂದು ಬಾಕ್ಸಿನ ಜೊತೆ ಅರ್ಧಕ್ಕಿಂತ ಹೆಚ್ಚು ಟ್ಯಾಂಕರ್ ನೀರು ಸುರಿದ ಹಾಗೆ ಅನ್ನುವುದು ಮಾತ್ರ ನನ್ನ ಕಣ್ಣಿಗೆ ಕಟ್ಟುತ್ತದೆ.

ಪಶ್ಚಿಮ ಘಟ್ಟದ ನೀರನ್ನು ನಮ್ಮ ಕಡೆಗೆ ತರುವ ಎತ್ತಿನಹೊಳೆ ಯೋಜನೆ ಬಗ್ಗೆ ಹೆಚ್ಚು ಬರೆಯುವುದಿಲ್ಲ. 2014ರಲ್ಲಿ ಶಂಕುಸ್ಥಾಪನೆ, 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ ಮೊದಲ ಹಂತದ ಉದ್ಘಾಟನೆ. ಬರಲಿ. ಬಂದ ದಿನ ನಾನೂ ಪಟಾಕಿ ಹೊಡೆಯುತ್ತೇನೆ. ಆದರೆ ಬಂದ ನೀರೂ ಹೋಗಿ ನಿಲ್ಲಬೇಕಾದ್ದು ಇದೇ ಕೆರೆಗಳಲ್ಲಿ, ಒಂದು ಕೆರೆಯ ಕೋಡಿಯಿಂದ ಇನ್ನೊಂದು ಕೆರೆಗೆ ಹೋಗಬೇಕಾದ್ದು ಇದೇ ಕಾಲುವೆಗಳಲ್ಲಿ. ಹಿಂದಿನವರು ಅವಿಭಜಿತ ಕೋಲಾರದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆ ಕಟ್ಟಿದ್ದು ಹೀಗೆ ಒಂದಕ್ಕೊಂದು ಪೋಣಿಸಿಕೊಂಡೇ. ನಂದಿ ಸುತ್ತಿನ ಬೆಟ್ಟಗಳಲ್ಲಿ ಹುಟ್ಟುವ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಅರ್ಕಾವತಿ, ನಮ್ಮ ತಾಲ್ಲೂಕಿನ ತಲಗವಾರದ ಕಡೆಯಿಂದ ಹೊರಡುವ ಪಾಲಾರ್, ಇವೆಲ್ಲ ಇಲ್ಲಿ ನಕಾಶೆಯಲ್ಲಿ ನದಿ, ಕಣ್ಣಿಗೆ ಕೆರೆಗಳ ಸಾಲು. ಸರಪಳಿಯ ಒಂದು ಕೊಂಡಿ ಬಿಟ್ಟರೆ ಕೆಳಗಿನ ಹತ್ತು ಕೆರೆಗೆ ನೀರಿಲ್ಲ.

ನಮ್ಮ ಕೆರೆಗೂ ಒಂದು ಸಲ ಅಭಿವೃದ್ಧಿ ಬಂದಿತ್ತು. ಏರಿ ಮೇಲೆ ಸಿಮೆಂಟ್ ಬೆಂಚು ಬಂತು, ಕಲ್ಲಿನ ಫಲಕ ಬಂತು. ಹೂಳೆತ್ತುತ್ತೇವೆ ಅಂತ ಬಂದ ಜೆಸಿಬಿ ಇಟ್ಟಿಗೆ ಗೂಡಿಗೆ ಬೇಕಾದ ಮಣ್ಣಿರುವ ಕಡೆ ಮಾತ್ರ ಆಳಕ್ಕೆ ತೋಡಿ ಹೋಯಿತು. ಈಗ ಅಲ್ಲಿ ತೂಬಿಗಿಂತ ಕೆಳಗೆ, ಮೂರು ಆಳುದ್ದ ನೆಟ್ಟಗೆ ನಿಂತ ಗುಂಡಿ. ದನ ಮೇಯಿಸುವ ಮಕ್ಕಳನ್ನು ಆ ಕಡೆ ಬಿಡುವುದಕ್ಕೆ ಭಯ. ಬೆಂಚಿನ ಮೇಲೆ ಕೂತು ನೋಡುವುದಕ್ಕೆ ಜಾಲಿ ಇದೆ. ಹಿಂದೆ ನೀರಗಂಟಿ ಅಂತ ಒಬ್ಬರಿದ್ದರು, ಮಳೆಗಾಲಕ್ಕೆ ಮೊದಲು ಕಾಲುವೆ ಉದ್ದಕ್ಕೂ ಹಾರೆ ಹಿಡಿದು ನಡೆಯುವುದು ಅವರ ಕೆಲಸ, ಸುಗ್ಗಿಯಲ್ಲಿ ಅವರ ಪಾಲಿನ ಕಾಳು ಅವರಿಗೆ. ಅವರ ಮೊಮ್ಮಗ ಈಗ ನನ್ನ ಜೊತೆ ಪೈಪು ಬಿಚ್ಚುತ್ತಾನೆ.

ಸರಿ, ನನಗೇನು ಬೇಕು ಅಂತ ಹೇಳಿಬಿಡುತ್ತೇನೆ. ದುಡ್ಡು ಬೇಡ. ಟೆಂಡರ್ ಬೇಡ, ದಯವಿಟ್ಟು ಕಾಲುವೆಗೆ ತಳದಲ್ಲಿ ಕಾಂಕ್ರೀಟ್ ಹಾಕಿಸಬೇಡಿ. ಒಬ್ಬರು ಸರ್ವೆಯರ್‌ನ ಎರಡು ದಿನ ಕಳಿಸಿ. ಬೆಟ್ಟದ ಬುಡದಿಂದ ಕೆರೆಯ ಬಾಯಿವರೆಗೆ ನಕಾಶೆ ಪ್ರಕಾರ ಅಳೆದು ಎರಡೂ ಬದಿಗೆ ಕಲ್ಲು ನೆಡಿಸಿ. ಅದನ್ನು ನಾವು ಮಾಡಿದರೆ ಹೊಡೆದಾಟ ಆಗುತ್ತದೆ, ನೀವು ಮಾಡಿದರೆ ಅಳತೆ ಆಗುತ್ತದೆ. ಕಲ್ಲು ನೆಟ್ಟ ಮೇಲೆ ಜೆಸಿಬಿ ಬಾಡಿಗೆ ಊರಿನವರು ಹಾಕಿಕೊಳ್ಳುತ್ತೇವೆ, ಹದಿನೇಳು ಮನೆಯವರು ಒಪ್ಪಿದ್ದಾರೆ, ಮಿಕ್ಕವರು ಕಲ್ಲು ನೋಡಿದ ಮೇಲೆ ಒಪ್ಪುತ್ತಾರೆ. ರಸ್ತೆ ಅಡಿಯ ಆ ಎರಡು ಅಡಿ ಪೈಪು ತೆಗೆದು ಎತ್ತಿನ ಗಾಡಿ ನುಗ್ಗುವಷ್ಟು ಅಗಲದ ಮೋರಿ ಕಟ್ಟಿಸುವುದು ಮಾತ್ರ ನಿಮ್ಮ ಕೈಯಲ್ಲೇ ಆಗಬೇಕು. ಘಟಕದ ಬೇಡದ ನೀರಿನ ಪೈಪನ್ನು ಕಾಲುವೆಯಿಂದ ತೆಗೆಸಿ, ಅದಕ್ಕೊಂದು ಬೇರೆ ದಾರಿ ಮಾಡಿ. ಬೋರ್ ನೀರು ಪರೀಕ್ಷೆ ಮಾಡಿ ಬರೆದುಕೊಂಡು ಹೋಗುತ್ತೀರಲ್ಲ, ಆ ಲೆಕ್ಕವನ್ನು ಹಾಲಿನ ಡೈರಿ ಗೋಡೆ ಮೇಲೆ ಬರೆಸಿ. ಬೆಳಿಗ್ಗೆ ಸಂಜೆ ಊರೆಲ್ಲ ಅಲ್ಲಿ ನಿಲ್ಲುತ್ತದೆ.

ಭರಣಿ ಮಳೆ ಏಪ್ರಿಲ್ ಕೊನೆಗೆ. ಅದಕ್ಕೆ ಮೊದಲೇ ಅಳತೆ ಆಗಿಬಿಟ್ಟರೆ ಮುಂಗಾರಿಗೆ ಕಾಲುವೆ ಬಿಡಿಸಿಕೊಳ್ಳಬಹುದು. ಬರುವ ದಿನ ಮೊದಲೇ ತಿಳಿಸಿದರೆ ಮೋಟಾರ್ ಎತ್ತುವ ಕೆಲಸ ಒಪ್ಪಿಕೊಳ್ಳುವುದಿಲ್ಲ, ಏರಿ ಮೇಲಿನ ಟೀ ಅಂಗಡಿಯಲ್ಲಿ ನೋಟ್‌ಬುಕ್ಕು, ನಕಾಶೆ ಎರಡೂ ಇಟ್ಟುಕೊಂಡು ಕೂತಿರುತ್ತೇನೆ. ಸಾಧ್ಯವಾದರೆ ಆ ಪೇಂಟರ್‌ನನ್ನೂ ಜೊತೆಗೆ ಕರೆದುಕೊಂಡು ಬನ್ನಿ. ಹಿಮದ ಬೆಟ್ಟದ ಕೆಳಗೆ ಒಂದು ಅಂಗೈಯಗಲ ಖಾಲಿ ಜಾಗ ಬಿಟ್ಟಿದ್ದಾನೆ, ನೋಡಿದ್ದೇನೆ. ಒಂದು ಏರಿ, ಒಂದು ತೂಬು, ಒಂದು ಕೋಡಿ ಅಲ್ಲಿ ಹಿಡಿಸುತ್ತದೆ.

ಇಂತಿ,
ಚಿಂತಾಮಣಿ ತಾಲ್ಲೂಕಿನ ಒಬ್ಬ ಮೋಟಾರ್ ಮೆಕ್ಯಾನಿಕ್